ಪಾಕಿಸ್ತಾನದಲ್ಲಿ ಸೆರೆಯಾದ ಆಂಧ್ರದ ಮೀನುಗಾರರ ಕಥೆ ಹೇಳುವ ‘ತಂಡೇಲ್’ ಸಿನಿಮಾದಲ್ಲಿ ತೋರಿಸಿದಂತೆ ಇಡೀ ಬೋಟು ತಂಡೇಲ, ಅಂದರೆ ಬೋಟಿನ ಮುಖಂಡ, ಒಬ್ಬನ ಮಾತು ನಂಬುತ್ತಾ? ಜಿಪಿಎಸ್ ಇದ್ದೂ ಪಾಕಿಸ್ತಾನದ ನೀರಿಗೆ ಹೋಗೋದು ಹೇಗೆ?

ನಂಬುತ್ತದೆ, ನಂಬದೆ ಕೆಲಸವೇ ನಡೆಯುವುದಿಲ್ಲ. ಆ ಮೀನುಗಾರರ ಊರಾದ ಆಂಧ್ರದ ಶ್ರೀಕಾಕುಳಂ ಜಿಲ್ಲೆಗೆ ಸುಮಾರು 193 ಕಿ.ಮೀ. ಕಡಲತೀರ ಇದ್ದರೂ ಟ್ರಾಲರ್ (ಬಲೆ ಎಳೆಯುತ್ತಾ ಮೀನು ಹಿಡಿಯುವ ದೊಡ್ಡ ಬೋಟು) ನಿಲ್ಲಿಸುವಂಥ ಬಂದರು ಇರಲಿಲ್ಲ. ಹಾಗಾಗಿ ಅಲ್ಲಿನ ಗಂಡಸರು ಆಗಸ್ಟ್ ಹೊತ್ತಿಗೆ ಗುಜರಾತಿನ ವೆರಾವಲ್‌ಗೆ ದುಡಿಯಲು ಹೋಗುತ್ತಾರೆ. ಸಾಮಾನ್ಯವಾಗಿ ಬೋಟಿನ ಮಾಲೀಕ ಗುಜರಾತಿನವನು, ಅವನಿಗೆ ಪರಿಚಯ ಇರುವುದು ತಂಡೇಲನೊಬ್ಬನದೇ. ಏಳೆಂಟು ಜನರನ್ನು ಊರಿನಲ್ಲಿ ಆರಿಸುವವನು ಅವನು, ಮುಂಗಡ ಹಣ ಮನೆಮನೆಗೆ ಮುಟ್ಟುವುದು ಅವನ ಕೈಯಿಂದ. ಒಬ್ಬ ಅರ್ಧಕ್ಕೆ ಓಡಿಹೋದರೆ ಮಾಲೀಕ ಹಿಡಿಯುವುದು ಅವನನ್ನು, ಒಬ್ಬನಿಗೆ ಏನಾದರೂ ಆದರೆ ಊರಿನ ಹೆಂಗಸರು ಬಂದು ನಿಲ್ಲುವುದೂ ಅವನ ಬಾಗಿಲಲ್ಲಿ. ಸಿನಿಮಾದ ನಿಷ್ಠೆಯ ಬೇರು ಇರುವುದು ಈ ವ್ಯವಸ್ಥೆಯಲ್ಲಿ. ಮಲ್ಪೆ, ಮಂಗಳೂರಿನ ಬೋಟುಗಳಲ್ಲೂ ತಂಡೇಲನ ಜವಾಬ್ದಾರಿ ಹೆಚ್ಚುಕಡಿಮೆ ಇಷ್ಟೇ ಭಾರದ್ದು.

ಇನ್ನು ಗಡಿ ವಿಷಯ. ಜಿಪಿಎಸ್ ನೀವು ಎಲ್ಲಿದ್ದೀರಿ ಅಂತ ಹೇಳುತ್ತದೆ ಸರಿ, ಆದರೆ ಅಲ್ಲಿ ಎರಡೂ ದೇಶ ಒಪ್ಪಿದ ಗೆರೆಯೇ ಇಲ್ಲ. ಕಛ್ ಮತ್ತು ಪಾಕಿಸ್ತಾನದ ಸಿಂಧ್ ನಡುವೆ ಸಮುದ್ರ ಸೇರುವ ಸರ್ ಕ್ರೀಕ್ ಎಂಬ ಕಾಲುವೆಯ ವಿವಾದ ಬಗೆಹರಿಯದೆ ಸಮುದ್ರದ ಗಡಿ ಗುರುತಾಗಿಲ್ಲ. ಭಾರತ ಕಾಲುವೆಯ ನಡುವಿನ ಗೆರೆ ಅನ್ನುತ್ತದೆ, ಪಾಕಿಸ್ತಾನ ಪೂರ್ವದ ದಡ ಅನ್ನುತ್ತದೆ.

ಟ್ರಾಲಿಂಗ್ ಹೇಗೆ ನಡೆಯುತ್ತದೆ ಅಂತ ಗೊತ್ತಿದ್ದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. 40 ಮೀಟರ್ ಆಳದಲ್ಲಿ ಬಲೆ ಎಳೆಯಬೇಕಾದರೆ ಆಳದ ಮೂರರಿಂದ ಐದು ಪಟ್ಟು ತಂತಿಹಗ್ಗ ಬಿಡಬೇಕು, ಅಂದರೆ 120ರಿಂದ 200 ಮೀಟರ್. ಆಗ ಬೋಟಿನ ವೇಗ ಗಂಟೆಗೆ ಐದು ಕಿ.ಮೀ. ಆಸುಪಾಸು. ಮೂರು ಗಂಟೆಯ ಒಂದು ಎಳೆತಕ್ಕೆ ಹದಿನೈದು ಕಿ.ಮೀ. ಸರಿದಿರುತ್ತೀರಿ. ಕಛ್ ಕಡೆಯ ಉಬ್ಬರವಿಳಿತದ ಸೆಳೆತ ಬಲು ಜೋರು, ಅದು ಬೋಟನ್ನು ಪಕ್ಕಕ್ಕೆ ತಳ್ಳುತ್ತಿರುತ್ತದೆ. ಅಂಥ ಹೊತ್ತಲ್ಲಿ ಪಾಕಿಸ್ತಾನದ ಗಸ್ತು ಹಡಗು ಕಂಡರೆ ವಿಂಚ್ (ಹಗ್ಗ ಸುತ್ತುವ ಯಂತ್ರ) ತಿರುಗಿಸಿ ಬಲೆ ಮೇಲೆತ್ತಲು ಕಾಲು ಗಂಟೆಗೂ ಮೇಲೆ ಬೇಕು. ಇಲ್ಲವೇ ಹಗ್ಗ ಕಡಿದು, ಮಾಲೀಕನ ಬಲೆ ಸಮುದ್ರಕ್ಕೆ ಬಿಟ್ಟು ಓಡಬೇಕು. ಬೋಟನ್ನು ಮುಂದೆ ತಳ್ಳುವ ಫ್ಯಾನಿಗೆ ಬಲೆ ಸುತ್ತಿಕೊಂಡರಂತೂ ಓಡುವ ಮಾತೇ ಇಲ್ಲ. ಮೀನಿನ ಆಸೆಗೆ ಗೊತ್ತಿದ್ದೇ ಆ ಕಡೆ ಹೋಗುವವರೂ ಇದ್ದಾರೆ. ನಮ್ಮ ಕಡೆ ಮೀನು ಕಡಿಮೆಯಾದಷ್ಟೂ ಅದು ಹೆಚ್ಚುತ್ತದೆ.

ಸಿಕ್ಕಿಬಿದ್ದ ಮೇಲೆ ಏನಾಗುತ್ತದೆ ಅನ್ನುವುದು ನನ್ನ ಮಟ್ಟಿಗೆ ಇನ್ನೂ ಮುಖ್ಯ. ಸಿನಿಮಾಕ್ಕೆ ಆಧಾರವಾದ ಘಟನೆಯಲ್ಲಿ ಆಂಧ್ರದ ಮೀನುಗಾರರು ಸೆರೆಯಾದದ್ದು 2018ರ ನವೆಂಬರ್‌ನಲ್ಲಿ. ಅವರಲ್ಲಿ 20 ಮಂದಿ ವಾಘಾ ದಾಟಿ ಬಂದದ್ದು 2020ರ ಜನವರಿ 6ಕ್ಕೆ. ಎರಡು ದೇಶಗಳ 2008ರ ಒಪ್ಪಂದದ ಪ್ರಕಾರ ಬಂಧನವಾದ ಮೂರು ತಿಂಗಳೊಳಗೆ ರಾಯಭಾರ ಕಚೇರಿಯವರಿಗೆ ಭೇಟಿಗೆ ಅವಕಾಶ ಕೊಡಬೇಕು. ಶಿಕ್ಷೆ ಮುಗಿದು ಪೌರತ್ವ ಖಚಿತವಾದರೆ ಒಂದು ತಿಂಗಳೊಳಗೆ ಬಿಡಬೇಕು. ಪ್ರತಿ ಜನವರಿ 1 ಮತ್ತು ಜುಲೈ 1ರಂದು ಕೈದಿಗಳ ಪಟ್ಟಿ ವಿನಿಮಯವೂ ಆಗುತ್ತದೆ.

ಕೆಲಸ ಕೆಡುವುದು ‘ಪೌರತ್ವ ಖಚಿತ’ ಅನ್ನುವ ಹಂತದಲ್ಲಿ. ಕರಾಚಿ ಜೈಲಿನಲ್ಲಿ ಬರೆದುಕೊಂಡ ಹೆಸರು, ತಂದೆಯ ಹೆಸರು, ಊರು ದೆಹಲಿಗೆ ಬಂದು, ಅಲ್ಲಿಂದ ರಾಜ್ಯಕ್ಕೆ, ಜಿಲ್ಲೆಯ ಪೊಲೀಸರಿಗೆ ಇಳಿಯಬೇಕು. ಒಂದು ಅಕ್ಷರ ಹೊಂದದಿದ್ದರೂ ಕಡತ ನಿಂತುಬಿಡಬಹುದು. ಸಿನಿಮಾದಲ್ಲಿ ಸೆರೆಯಾದವರನ್ನು ಬಿಡಿಸಲು ಸಾಯಿ ಪಲ್ಲವಿ ಪಾತ್ರ ಮಾಡುವ ಹೋರಾಟ ನೋಡಿ ಅತಿಯಾಯಿತು ಅನ್ನಿಸಿದ್ದರೆ ಇದನ್ನು ಯೋಚಿಸಿ: ಜೈಲಿನೊಳಗಿನವರ ಗುರುತು ಸಾಬೀತಾಗಬೇಕಾದದ್ದು ಊರಿನಲ್ಲಿ, ಮನೆಯಲ್ಲಿರುವ ಕಾಗದಗಳಿಂದ. ನಿಮಗೆ ಪರಿಚಯದವರು ಯಾರಾದರೂ ಗುಜರಾತಿಗೆ ಬೋಟು ಹತ್ತಲು ಹೋಗುತ್ತಿದ್ದರೆ ಆಧಾರ್, ರೇಷನ್ ಕಾರ್ಡ್, ಮೀನುಗಾರರ ಬಯೋಮೆಟ್ರಿಕ್ ಕಾರ್ಡು, ಒಂದು ಫೋಟೋ, ಬೋಟಿನ ನೋಂದಣಿ ಸಂಖ್ಯೆ ಇಷ್ಟರ ನಕಲು ಮನೆಯಲ್ಲಿ ಇಟ್ಟು ಹೋಗಲು ಹೇಳಿ. ಎಲ್ಲದರಲ್ಲೂ ಹೆಸರು ಒಂದೇ ಥರ ಇದೆಯಾ ಅಂತ ಹೊರಡುವ ಮೊದಲೇ ನೋಡಿಕೊಳ್ಳಲಿ.