ಎಂ.ಎ. ಸಮಾಜಶಾಸ್ತ್ರ ಸುಲಭ ಅಂತಾರೆ, ಸೇರಬಹುದಾ?

ಸೇರಿ. ಆದರೆ "ಗೈಡ್ ಓದಿದರೆ ಸಾಕು, ಪಾಸು" ಅಂತ ನಿಮ್ಮ ಸೀನಿಯರ್ ಹೇಳಿದ್ದಾರಲ್ಲ, ಆ ಮಾತು ನಂಬಿ ಸೇರಬೇಡಿ. ಚಿಕ್ಕಬಳ್ಳಾಪುರದಲ್ಲಿ ಬಿ.ಎ. ಮುಗಿಸಿ ನಾನೂ ಅದೇ ಮಾತು ಕೇಳಿಕೊಂಡು ಸೇರಿದವನು.

ಮೂರು ಸೆಮಿಸ್ಟರ್ ಹಾಗೇ ಕಳೆದವು. ಸಮಾಜಶಾಸ್ತ್ರದ ದೊಡ್ಡ ಚಿಂತಕರಾದ ಡರ್ಖೈಮ್, ವೆಬರ್, ಮಾರ್ಕ್ಸ್ ಎಲ್ಲರೂ ಬಾಯಿಪಾಠ. ನಾಲ್ಕನೆಯದರಲ್ಲಿ ಪ್ರಾಜೆಕ್ಟ್ ಬಂತು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಹೆಂಗಸರ ಬಗ್ಗೆ ಮಾಡ್ತೀನಿ ಅಂದೆ. 60 ಜನರನ್ನು ಮಾತಾಡಿಸಬೇಕಿತ್ತು.

ನನ್ನ ತಪ್ಪು ಶುರುವಾದದ್ದು ಇಲ್ಲಿ. ಪ್ರಶ್ನಾವಳಿ ಬರೆದದ್ದು ಪಠ್ಯಪುಸ್ತಕದ ಕನ್ನಡದಲ್ಲಿ: "ಔದ್ಯೋಗಿಕ ಆರೋಗ್ಯ ಸಮಸ್ಯೆಗಳಿವೆಯೇ? ಹೌದು/ಇಲ್ಲ." ಆ ಹೆಂಗಸರಲ್ಲಿ ಎಷ್ಟೋ ಜನರ ಮನೆಮಾತು ಉರ್ದು, ಇಲ್ಲವೇ ತೆಲುಗು. ಸಾಲದ್ದಕ್ಕೆ, ಘಟಕದ ಮಾಲೀಕರು ಪಕ್ಕದಲ್ಲೇ ನಿಂತಿರುವಾಗ ಕೇಳಿದೆ. ಎಲ್ಲರೂ "ಇಲ್ಲ" ಅಂದರು. ನಾನು ಟಿಕ್ ಹಾಕುತ್ತಾ ಹೋದೆ. ನನ್ನ ಮುಂದೆಯೇ ಅವರ ಬೆರಳುಗಳು ಬಿಸಿನೀರಲ್ಲಿ ಗೂಡಿನ ಎಳೆ ಹುಡುಕುತ್ತಿದ್ದವು. ತುದಿಗಳು ನೆನೆದು ಬೆಳ್ಳಗಾಗಿ, ಅಲ್ಲಲ್ಲಿ ಚರ್ಮ ಬಿರಿದಿತ್ತು. ಅದನ್ನು ಕಣ್ಣಾರೆ ನೋಡಿಯೂ ಬರೆದುಕೊಳ್ಳಲಿಲ್ಲ, ಯಾಕಂದರೆ ಫಾರಂನಲ್ಲಿ ಅದಕ್ಕೆ ಜಾಗ ಇರಲಿಲ್ಲ. ನಲವತ್ತು ಫಾರಂ ಆದಮೇಲೆ ಹೇಗೂ ಉತ್ತರ ಒಂದೇ ತಾನೇ ಅಂತ ಉಳಿದ ಇಪ್ಪತ್ತನ್ನು ಮನೆಯಲ್ಲಿ ಕೂತು ನಾನೇ ತುಂಬಿದೆ.

ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕರು ಕೋಷ್ಟಕ ನೋಡಿ ಕೇಳಿದ್ದು ಇಷ್ಟೇ: "ಅರವತ್ತರಲ್ಲಿ ಒಬ್ಬರಿಗೂ ಕೈನೋವಿಲ್ಲವಾ? ಫೀಲ್ಡ್ ಡೈರಿ ಕೊಡಿ." ಹೋದಲ್ಲಿ ಕಂಡದ್ದು ಕೇಳಿದ್ದನ್ನು ಬರೆದಿಡುವ ಆ ಡೈರಿಯೇ ನನ್ನ ಹತ್ತಿರ ಇರಲಿಲ್ಲ. ಸುಳ್ಳು ಹೇಳಲು ನಾಲಿಗೆ ಬರಲಿಲ್ಲ. ಪ್ರಾಜೆಕ್ಟಿನ ಅಂಕ ಬಿದ್ದು ಒಟ್ಟು ಶೇ. 54.6 ಆಯಿತು. ಕಾಲೇಜು ಮೇಷ್ಟ್ರಾಗಲು ಬರೆಯುವ ಯುಜಿಸಿ ನೆಟ್ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ ಎಂ.ಎ.ಯಲ್ಲಿ ಶೇ. 55 ಬೇಕು, 54.6 ಅನ್ನು 55 ಅಂತ ಎಣಿಸುವುದಿಲ್ಲ. ಮೇಷ್ಟ್ರಾಗುವ ನನ್ನ ಆಸೆ ಅಲ್ಲಿಗೇ ನಿಂತಿತು. ಅದಕ್ಕಿಂತ ಹೆಚ್ಚು ನೋಯುವುದು ಇನ್ನೊಂದು: ಆ ಇಪ್ಪತ್ತು ಹೆಂಗಸರ ನೋವನ್ನು "ಇಲ್ಲ" ಅಂತ ಬರೆದ ಕೈ ನನ್ನದು.

ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರ ವಿಷಯ ಪರೀಕ್ಷೆಗೆ ಓದಿದ್ದೆ, ಅರ್ಥವಾದದ್ದು ಆಮೇಲೆ. 1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಉಳಿದು ಅಧ್ಯಯನ ಮಾಡಿದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಬೆಂಕಿ ಇಟ್ಟಾಗ, ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ಆದರೂ ನೆನಪಿನ ಬಲದ ಮೇಲೆ ಆ ಹಳ್ಳಿಯನ್ನು ಬರೆದರು. ಪುಸ್ತಕ 1976ರಲ್ಲಿ ಬಂತು. ಅಲ್ಲಿ ಬದುಕಿದ್ದರು, ಅದಕ್ಕೇ ನೆನಪಿತ್ತು. ನನ್ನ ಅರವತ್ತು ಫಾರಂ ಇಂದಿಗೂ ಟ್ರಂಕಿನಲ್ಲಿ ಭದ್ರವಾಗಿವೆ, ಒಬ್ಬರ ಮುಖವೂ ನೆನಪಿಲ್ಲ.

ಯುಪಿಎಸ್‌ಸಿಗೆ, ಅಂದರೆ ಐಎಎಸ್‌ನಂಥ ಹುದ್ದೆಗಳ ಪರೀಕ್ಷೆಗೆ, ಅನುಕೂಲವಾ ಅಂತಲೂ ಕೇಳಿದ್ದೀರಿ. ಐಚ್ಛಿಕ ವಿಷಯವಾಗಿ ಇದೆ, ತಲಾ 250 ಅಂಕದ ಎರಡು ಪತ್ರಿಕೆ. ಆದರೆ ಅದೊಂದಕ್ಕೇ ಆದರೆ ಎರಡು ವರ್ಷದ ಎಂ.ಎ. ಬೇಡ, ಮನೆಯಲ್ಲೇ ಓದಿಕೊಳ್ಳಬಹುದು.

ಸೇರಿದರೆ ಮೊದಲ ಸೆಮಿಸ್ಟರಿನಿಂದಲೇ ಒಂದು ನೋಟ್‌ಬುಕ್ ಇಡಿ. ಗೂಡಿನ ಮಾರುಕಟ್ಟೆಗೆ ಹೋದರೂ, ಊರ ಜಾತ್ರೆಗೆ ಹೋದರೂ, ಯಾರು ಎಲ್ಲಿ ನಿಂತರು, ಯಾರು ಯಾರ ಮುಂದೆ ಕೂರಲಿಲ್ಲ ಅನ್ನುವುದನ್ನು ಅವತ್ತು ರಾತ್ರಿಯೇ ಬರೆಯಿರಿ. ಕೆಲಸದ ಹೆಂಗಸರನ್ನು ಮಾತಾಡಿಸಬೇಕಾದರೆ ಘಟಕಕ್ಕೆ ಹೋಗಬೇಡಿ. ಕೆಲಸ ಬಿಟ್ಟ ಮೇಲೆ ಅವರ ಮನೆ ಹತ್ತಿರ, ಅವರ ಭಾಷೆ ಬಲ್ಲ ಒಬ್ಬ ಅಕ್ಕನನ್ನು ಜೊತೆಗೆ ಕರೆದುಕೊಂಡು ಹೋಗಿ. ಮೊದಲ ದಿನ ಫಾರಂ ಚೀಲದಿಂದ ತೆಗೆಯಲೇಬೇಡಿ.