ನಾಲಿಗೆ ಮೇಲೆ ಕರಗೋ ವಾಂತಿ ಮಾತ್ರೆ: ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನನ್ನ ಮಗನಿಗೆ ನಾಲ್ಕು ವರ್ಷ, 14 ಕೆಜಿ ಇದಾನೆ. ಮೊನ್ನೆ ರಾತ್ರಿ ಇದ್ದಕ್ಕಿದ್ದಂಗೆ ವಾಂತಿ ಶುರುವಾಯ್ತು, ಬೆಳಗಿನ ಜಾವಕ್ಕೆ ಭೇದೀನೂ ಆಯ್ತು. ಮನೇಲಿ ಅವರಪ್ಪಂಗೆ ಬರ್ಕೊಟ್ಟಿದ್ದ ವಾಂತಿ ಮಾತ್ರೆ ಇತ್ತು, ಎಂಡಿ 4 ಅಂತ ಬರೆದಿರುತ್ತಲ್ಲ ಅದು. ಅರ್ಧ ಮಾಡಕ್ಕೆ ಹೋದ್ರೆ ಪುಡಿಪುಡಿ ಆಗೋಯ್ತು, ಬಾಯಿಗೆ ಎಷ್ಟು ಹೋಯ್ತೋ ಗೊತ್ತಿಲ್ಲ, ಹತ್ತು ನಿಮಿಷಕ್ಕೆ ಅದನ್ನೂ ಕಕ್ಕಿಬಿಟ್ಟ. ಇನ್ನೊಂದು ಕೊಡೋಕೆ ಭಯ ಆಯ್ತು. ಇಂಥ ಟೈಮಲ್ಲಿ ಏನು ಮಾಡ್ಬೇಕು? (ಒಬ್ಬ ತಾಯಿ, ತುಮಕೂರು)

ಉತ್ತರ: ಅಮ್ಮಾ, ಆ ಮಾತ್ರೆ ಹೆಸರು ಒಂಡಾನ್ಸೆಟ್ರಾನ್. ಎಂಡಿ ಅಂದ್ರೆ ಮೌತ್ ಡಿಸಾಲ್ವಿಂಗ್, ಬಾಯಲ್ಲೇ ಕರಗೋದು, 4 ಅಂದ್ರೆ 4 ಮಿಲಿಗ್ರಾಂ. ಎಮೆಸೆಟ್, ವೋಮಿಕೈಂಡ್, ಒಂಡೆಮ್ ಅಂತ ಹೆಸರು ಬೇರೆ ಬೇರೆ ಇರುತ್ತೆ, ಒಳಗಿರೋದು ಒಂದೇ ಔಷಧಿ, ಹಾಗಾಗಿ ಒಂದು ಕಂಪನಿದು ಕೊಟ್ಟು ಕೆಲಸ ಮಾಡ್ಲಿಲ್ಲ ಅಂತ ಇನ್ನೊಂದು ಕಂಪನಿದು ಕೊಟ್ರೆ ಅದು ಡಬಲ್ ಡೋಸ್ ಆಗುತ್ತೆ ಅಷ್ಟೇ, ಇದನ್ನ ತುಂಬಾ ಮನೆಗಳಲ್ಲಿ ಮಾಡ್ತಾರೆ.

ಮಕ್ಕಳಿಗೆ ಡೋಸ್ ನೋಡೋದು ವಯಸ್ಸಿನ ಮೇಲಲ್ಲ, ತೂಕದ ಮೇಲೆ. ವಾಂತಿ-ಭೇದಿಗೆ ಸಾಮಾನ್ಯವಾಗಿ 8ರಿಂದ 15 ಕೆಜಿ ಇರೋ ಮಗುಗೆ 2 ಮಿಲಿಗ್ರಾಂ, 15ರಿಂದ 30 ಕೆಜಿಗೆ 4, ಅದಕ್ಕಿಂತ ಜಾಸ್ತಿ ಇದ್ರೆ 8. ಅದೂ ಒಂದೇ ಒಂದು ಡೋಸ್, ದಿನಕ್ಕೆ ಮೂರು ಹೊತ್ತು ಅಲ್ಲ. ನಿಮ್ಮ ಮಗನಿಗೆ 2 ಮಿಲಿಗ್ರಾಂ ಸಾಕು. ಇದಕ್ಕೆ ಎಂಡಿ ಮಾತ್ರೆ ಮುರಿಯೋ ಸಾಹಸ ಬೇಡ, ಅದನ್ನ ಮಾಡಿರೋದೇ ಬೇಗ ಪುಡಿಯಾಗ್ಲಿ ಅಂತ. ಸಿರಪ್ ಸಿಗುತ್ತೆ, ಸಾಮಾನ್ಯವಾಗಿ 5 ಮಿಲಿಯಲ್ಲಿ 2 ಮಿಲಿಗ್ರಾಂ ಇರುತ್ತೆ, ಬಾಟಲಿ ಮೇಲೆ ಓದಿ ಖಾತ್ರಿ ಮಾಡ್ಕೊಂಡು ಅದರ ಜೊತೆ ಬರೋ ಅಳತೆ ಮುಚ್ಚಳದಲ್ಲೇ ಕೊಡಿ, ಅಡುಗೆಮನೆ ಚಮಚ ಬೇಡ. ಆರು ತಿಂಗಳಿಗಿಂತ ಚಿಕ್ಕ ಕೂಸಿಗೆ ಮಾತ್ರ ಮನೇಲಿ ಏನೂ ಕೊಡ್ಬೇಡಿ, ಸೀದಾ ಡಾಕ್ಟರ್ ಹತ್ರ.

ಕಕ್ಕಿಬಿಟ್ರೆ ಏನು ಅಂದ್ರೆ, ಕೊಟ್ಟು 15 ನಿಮಿಷದ ಒಳಗೇ ವಾಂತಿ ಆದ್ರೆ ಅದೇ ಡೋಸನ್ನ ಇನ್ನೊಂದ್ಸಲ ಕೊಡಬಹುದು, ಒಂದೇ ಸಲ. ನಿಮ್ಮ ಮಗಂದು ಹತ್ತು ನಿಮಿಷ ಅಂದ್ರಿ, ಕೊಡಬಹುದಾಗಿತ್ತು. ಅದಾದ್ಮೇಲೆ ವಾಂತಿ ಆದ್ರೆ ಔಷಧಿ ಸ್ವಲ್ಪನಾದ್ರೂ ಒಳಗೆ ಹೋಗಿರುತ್ತೆ, ಮತ್ತೆ ಕೊಡ್ಬೇಡಿ. ಎರಡನೇದೂ ನಿಲ್ಲಲಿಲ್ಲ ಅಂದ್ರೆ ಮೂರನೇದು ಕೊಡೋ ಹೊತ್ತಲ್ಲ ಅದು, ಆಸ್ಪತ್ರೆಗೆ ಹೊರಡೋ ಹೊತ್ತು.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಈ ಮಾತ್ರೆ ಹೊಟ್ಟೆ ಇನ್ಫೆಕ್ಷನ್ನನ್ನ ವಾಸಿ ಮಾಡಲ್ಲ, ಭೇದಿ ನಿಲ್ಸಲ್ಲ, ಕೆಲವು ಮಕ್ಕಳಿಗೆ ಭೇದಿ ಇನ್ನೊಂದೆರಡು ಸಲ ಜಾಸ್ತೀನೇ ಆಗುತ್ತೆ. ಅದು ಮಾಡೋದು ಇಷ್ಟೇ, ಕುಡಿದ ನೀರು ಒಳಗೆ ನಿಲ್ಲೋಕೆ ಕೆಲವು ಗಂಟೆ ಅವಕಾಶ ಕೊಡುತ್ತೆ. ಆ ಅವಕಾಶದಲ್ಲಿ ನೀವು ಓಆರ್‌ಎಸ್ ಕುಡಿಸಿದ್ರೆ ಮಾತ್ರೆ ಕೊಟ್ಟಿದ್ದು ಸಾರ್ಥಕ, ಮಾತ್ರೆ ಕೊಟ್ಟು ಮಗುನ ಮಲಗಿಸಿಬಿಟ್ರೆ ಕೊಟ್ಟೂ ಕೊಡದಂಗೆ. ಚಿಕಾಗೋದ ಒಂದು ಮಕ್ಕಳ ಆಸ್ಪತ್ರೆ ಎಮರ್ಜೆನ್ಸಿಯಲ್ಲಿ 215 ಮಕ್ಕಳ ಮೇಲೆ ಇದೇ ಕರಗೋ ಮಾತ್ರೆ ಪರೀಕ್ಷೆ ಮಾಡಿ 2006ರಲ್ಲಿ ಪ್ರಕಟಿಸಿದ್ರು. ಮಾತ್ರೆ ಕೊಟ್ಟವರಲ್ಲಿ ನೂರಕ್ಕೆ 14 ಮಕ್ಕಳಿಗೆ ಮಾತ್ರ ಡ್ರಿಪ್ ಬೇಕಾಯ್ತು, ಔಷಧಿನೇ ಇಲ್ಲದ ಸುಳ್ಳು ಮಾತ್ರೆ ಕೊಟ್ಟವರಲ್ಲಿ ನೂರಕ್ಕೆ 31. ಆದ್ರೆ ಆ ಎರಡೂ ಗುಂಪಿನ ಮಕ್ಕಳಿಗೂ ಪಕ್ಕದಲ್ಲಿ ಕೂತು ಓಆರ್‌ಎಸ್ ಕುಡಿಸಿದ್ರು, ಅದನ್ನ ಯಾರೂ ನೆನಪಿಟ್ಕೊಳ್ಳಲ್ಲ.

ಮಾತ್ರೆ ಅಥವಾ ಸಿರಪ್ ಕೊಟ್ಟು 15-20 ನಿಮಿಷ ಸುಮ್ನಿರಿ. ಆಮೇಲೆ ಎರಡು ಮೂರು ನಿಮಿಷಕ್ಕೊಂದು ಟೀ ಚಮಚ ಓಆರ್‌ಎಸ್. ಮಗು ಬಾಯಾರಿ ಲೋಟ ಕಿತ್ಕೊಳ್ಳೋಕೆ ಬರುತ್ತೆ, ಗಟಗಟ ಕುಡಿದ್ರೆ ವಾಪಸ್ ಬರೋದು ಗ್ಯಾರಂಟಿ, ಅದಕ್ಕೇ ಚಮಚ. ಒಂದು ಗಂಟೆ ತಡ್ಕೊಂಡ್ರೆ ಪ್ರಮಾಣ ಜಾಸ್ತಿ ಮಾಡಿ. ಎದೆಹಾಲು ಕುಡಿಯೋ ಮಗು ಆದ್ರೆ ಅದನ್ನ ನಿಲ್ಸೋದೇ ಬೇಡ. ಓಆರ್‌ಎಸ್ ಪ್ಯಾಕೆಟ್ 1 ಲೀಟರಿಂದೂ ಇರುತ್ತೆ 200 ಮಿಲಿದೂ ಇರುತ್ತೆ, ಪೂರ್ತಿ ಪ್ಯಾಕೆಟ್ಟನ್ನ ಹೇಳಿದಷ್ಟೇ ನೀರಿಗೆ ಹಾಕ್ಬೇಕು, ಲೋಟಕ್ಕಿಷ್ಟು ಅಂತ ಅಂದಾಜಲ್ಲಿ ಉದುರಿಸಿದ್ರೆ ಉಪ್ಪು ಜಾಸ್ತಿಯಾಗಿ ತೊಂದ್ರೆ ಆಗುತ್ತೆ. ಕಲಸಿದ್ದನ್ನ 24 ಗಂಟೆ ಆದ್ಮೇಲೆ ಚೆಲ್ಲಿ. ಟೆಟ್ರಾ ಪ್ಯಾಕಲ್ಲಿ ಬರೋ ಸಿಹಿ ಜ್ಯೂಸುಗಳ ಮೇಲೆ ಓಆರ್‌ಎಸ್ ಅನ್ನೋ ಹೆಸರು ಹಾಕ್ಬಾರ್ದು ಅಂತ ಆಹಾರ ಸುರಕ್ಷತೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನವ್ರು 2025ರಲ್ಲಿ ಆದೇಶ ಮಾಡಿದಾರೆ, ಸಕ್ಕರೆ ಜಾಸ್ತಿ ಇರೋ ಅಂಥ ಡ್ರಿಂಕ್ ಭೇದಿನ ಹೆಚ್ಚಿಸುತ್ತೆ, ಹಾಗಾಗಿ ಡಬ್ಲ್ಯುಎಚ್ಒ ಫಾರ್ಮುಲಾ ಅಂತ ಬರೆದಿರೋ ಪುಡಿನೇ ಕೇಳಿ ತಗೊಳ್ಳಿ. ಭೇದಿಗೆ ಜಿಂಕ್ 14 ದಿನ ಕೊಡ್ಬೇಕು, ಅದನ್ನ ನಿಮ್ಮ ಮಕ್ಕಳ ಡಾಕ್ಟರ್ ಬರ್ಕೊಡ್ತಾರೆ.

ವಾಂತಿ ಹಸಿರು ಬಣ್ಣಕ್ಕೆ ಬಂದ್ರೆ, ರಕ್ತ ಕಂಡ್ರೆ, ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ರೆ, ತಲೆಗೆ ಪೆಟ್ಟು ಬಿದ್ದಮೇಲೆ ವಾಂತಿ ಶುರುವಾಗಿದ್ರೆ, ಆರೆಂಟು ಗಂಟೆ ಮೂತ್ರನೇ ಮಾಡಿಲ್ಲ ಅಂದ್ರೆ, ಮಗು ಎಬ್ಬಿಸಿದ್ರೂ ಮಂಕಾಗಿದ್ರೆ ವಾಂತಿ ಮಾತ್ರೆ ಹುಡುಕ್ತಾ ಕೂರ್ಬೇಡಿ. ಕರುಳು ಕಟ್ಕೊಂಡಿದ್ರೋ ಅಪೆಂಡಿಕ್ಸೋ ಆಗಿದ್ರೆ ಈ ಮಾತ್ರೆ ವಾಂತಿನ ಮುಚ್ಚಿಹಾಕಿ ಕಾಯಿಲೆ ಗೊತ್ತಾಗೋದನ್ನ ತಡ ಮಾಡುತ್ತೆ. ಮಳೆಗಾಲದಲ್ಲಿ ಜ್ವರದ ಜೊತೆ ಬಿಡದೆ ವಾಂತಿ ಆಗ್ತಿದ್ರೆ ಡೆಂಗ್ಯೂದ ಅಪಾಯ ಸೂಚನೆ ಇರಬಹುದು, ಅದು ದೊಡ್ಡವರಿಗೂ ಅನ್ವಯ.

ಪ್ರಶ್ನೆ: ಸರ್, ಈ ಮಾತ್ರೆನ ನಾಲಿಗೆ ಕೆಳಗೆ ಇಡ್ಬೇಕಾ ಮೇಲೆ ಇಡ್ಬೇಕಾ? ಡೈರೆಕ್ಟಾಗಿ ರಕ್ತಕ್ಕೆ ಹೋಗುತ್ತೆ, ಐದು ನಿಮಿಷದಲ್ಲಿ ಕೆಲಸ ಮಾಡುತ್ತೆ ಅಂತ ಮೆಡಿಕಲ್ ಶಾಪಲ್ಲಿ ಹೇಳಿದ್ರು. (ಓದುಗರು, ಶಿವಮೊಗ್ಗ)

ಉತ್ತರ: ಮೇಲೆ. ಡೈರೆಕ್ಟಾಗಿ ರಕ್ತಕ್ಕೆ ಹೋಗಲ್ಲ. ಎದೆನೋವಿಗೆ ನಾಲಿಗೆ ಕೆಳಗಿಡೋ ಸಾರ್ಬಿಟ್ರೇಟ್ ಇದೆಯಲ್ಲ, ಅದನ್ನ ನೋಡಿ ಜನ ಇದನ್ನೂ ಹಂಗೇ ಅನ್ಕೊಂಡಿದಾರೆ. ಇದು ಬಾಯಲ್ಲಿ ಕರಗುತ್ತೆ, ಎಂಜಲಿನ ಜೊತೆ ನುಂಗ್ತೀರ, ಆಮೇಲೆ ಕರುಳಿಂದಾನೇ ರಕ್ತಕ್ಕೆ ಸೇರೋದು, ಮಾಮೂಲಿ ಮಾತ್ರೆ ಥರಾನೇ. ಕೆಲಸ ಶುರುವಾಗೋಕೆ ಸುಮಾರು ಅರ್ಧ ಗಂಟೆ ಬೇಕು. ಲಾಭ ಏನಪ್ಪಾ ಅಂದ್ರೆ ಒಂದು ಗುಟುಕು ನೀರು ಕುಡಿದ್ರೂ ವಾಪಸ್ ಬರ್ತಿರೋವಾಗ ನೀರಿಲ್ಲದೇ ತಗೋಬಹುದು, ಅಷ್ಟೇ.

ಕೈ ಒಣಗಿರ್ಬೇಕು. ಗಟ್ಟಿ ಮಾತ್ರೆನ ಒತ್ತಿ ಈಚೆ ತೆಗೆಯೋ ಥರ ಇದನ್ನ ಒತ್ತಬೇಡಿ, ಹಿಂದಿನ ಫಾಯಿಲ್ ಸಿಪ್ಪೆ ಸುಲಿದಂಗೆ ಬಿಡಿಸಿ ಎತ್ತಿ, ಬಿಡಿಸೋಕೆ ಬರದಂಥ ಸ್ಟ್ರಿಪ್ ಆದ್ರೆ ಕತ್ತರೀಲಿ ಅಂಚು ಕತ್ತರಿಸಿ ತೆಗೀರಿ. ತೆಗೆದ ತಕ್ಷಣ ಬಾಯಿಗೆ ಹಾಕ್ಬೇಕು, ಮುಂಚೆನೇ ಬಿಡಿಸಿ ಪರ್ಸಲ್ಲೋ ಮಾತ್ರೆ ಡಬ್ಬೀಲೋ ಇಟ್ರೆ ಗಾಳಿಯ ತೇವಕ್ಕೇ ಮೆತ್ತಗಾಗುತ್ತೆ, ನಿಮ್ಮ ಮಲೆನಾಡಿನ ಮಳೆಗಾಲದಲ್ಲಂತೂ ಕೇಳೋದೇ ಬೇಡ. ಬಾಯಿ ಪೂರಾ ಒಣಗಿದ್ರೆ ಮೊದಲು ಒಂದು ಹನಿ ನೀರಲ್ಲಿ ಬಾಯಿ ಒದ್ದೆ ಮಾಡ್ಕೊಳ್ಳಿ. ಎಂಡಿ ಮಾತ್ರೆಗಳಲ್ಲಿ ಸಿಹಿಗೆ ಅಂತ ಆಸ್ಪರ್ಟೇಮ್ ಹಾಕಿರ್ತಾರೆ, ಶುಗರ್ ಇರೋರಿಗೆ ಅದರಿಂದ ಏನೂ ಆಗಲ್ಲ, ಫಿನೈಲ್‌ಕೀಟೋನ್ಯೂರಿಯಾ ಅನ್ನೋ ಹುಟ್ಟು ಕಾಯಿಲೆ ಇರೋರು ಮಾತ್ರ ತಗೋಬಾರ್ದು.

ಪ್ರಶ್ನೆ: ಮಂಗಳೂರಿಂದ ಚಾರ್ಮಾಡಿ ಘಾಟಿ ಹತ್ತಿ ಊರಿಗೆ ಹೋಗುವಾಗ ನನಗೆ ಮತ್ತು ಮಗಳಿಗೆ ಪ್ರತಿ ಸಲವೂ ವಾಂತಿ. ಬಸ್ಸು ಹತ್ತುವ ಮೊದಲು ಈ ಕರಗುವ ಮಾತ್ರೆ ತಗೊಂಡರೂ ಪ್ರಯೋಜನ ಇಲ್ಲ. ಎರಡು ತಗೊಳ್ಬಹುದಾ? (ಓದುಗರು, ಮಂಗಳೂರು)

ಉತ್ತರ: ಎರಡಲ್ಲ ನಾಲ್ಕು ತಗೊಂಡ್ರೂ ಅಷ್ಟೇ, ಮಾತ್ರೆನೇ ಬೇರೆ ಬೇಕು. ಹೊಟ್ಟೆ ಕೆಟ್ಟಾಗ ಕರುಳಿಂದ ಸೆರೊಟೋನಿನ್ ಅನ್ನೋ ರಾಸಾಯನಿಕ ಬಿಡುಗಡೆಯಾಗಿ ವಾಂತಿ ಮಾಡು ಅಂತ ಮೆದುಳಿಗೆ ಸುದ್ದಿ ಹೋಗುತ್ತೆ, ಒಂಡಾನ್ಸೆಟ್ರಾನ್ ತಡೆಯೋದು ಅದನ್ನ. ಘಾಟಿ ತಿರುವಲ್ಲಿ ಬರೋ ವಾಂತಿ ಕಿವಿಯೊಳಗಿನ ಬ್ಯಾಲೆನ್ಸ್ ಭಾಗದಿಂದ ಬರೋದು, ಅಲ್ಲಿ ಹಿಸ್ಟಮಿನ್ ಮತ್ತು ಅಸಿಟೈಲ್‌ಕೋಲಿನ್ ಅನ್ನೋ ಬೇರೆ ರಾಸಾಯನಿಕಗಳ ಕಾರುಬಾರು. ಅದಕ್ಕೆ ಪ್ರೋಮೆಥಜಿನ್ ಇರೋ ಅವೋಮಿನ್ ಥರದ ಹಳೇ ಮಾತ್ರೆ ಕೆಲಸ ಮಾಡುತ್ತೆ, ಅದೂ ಹೊರಡೋಕೆ ಒಂದೆರಡು ಗಂಟೆ ಮೊದಲೇ ತಗೊಂಡ್ರೆ. ಘಾಟಿ ಮೇಲಿನ ಕೊಟ್ಟಿಗೆಹಾರ ಬಂದ್ಮೇಲೆ ನುಂಗಿದ್ರೆ ಘಾಟಿನೇ ಮುಗಿದಿರುತ್ತೆ. ನಿದ್ದೆ ಬರುತ್ತೆ, ಗಾಡಿ ಓಡಿಸೋರು ತಗೋಬಾರ್ದು, ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರ್ದು. ಮಗಳ ವಯಸ್ಸು ಬರೆದಿಲ್ಲ ನೀವು, ಡೋಸ್ ಕೇಳ್ಕೊಂಡೇ ಕೊಡಿ. ಪ್ರಾಸ್ಟೇಟ್ ತೊಂದ್ರೆ, ಕಣ್ಣಿನ ಗ್ಲಾಕೋಮಾ ಇರೋರೂ ಕೇಳಿ ತಗೋಬೇಕು. ಮುಂದಿನ ಸೀಟಲ್ಲಿ ಕೂತು ದೂರದ ರಸ್ತೆ ನೋಡಿ, ಮೊಬೈಲ್ ಬ್ಯಾಗೊಳಗೆ ಇರ್ಲಿ.

ಪ್ರಶ್ನೆ: ನಮಸ್ಕಾರ್ರೀ ಡಾಕ್ಟರ್ ಸಾಹೇಬ್ರ. ನಮ್ಮ ಅಪ್ಪಾವ್ರಿಗೆ 66 ವರ್ಷ, ಬಿಪಿ ಅದ, ಸ್ಟೆಂಟ್ ಹಾಕ್ಯಾರ, ಕಾಲು ಬಾವಿಗೆ ನೀರಿನ ಗುಳಿಗಿನೂ ತಗೋತಾರ. ಈಗ ಕೆಮ್ಮು ಜ್ವರಕ್ಕ ಬ್ಯಾರೆ ಡಾಕ್ಟರ್ ಅಜಿತ್ರೋಮೈಸಿನ್ ಕೊಟ್ಟಾರ, ಅದನ್ನ ತಗೊಂಡ್ರ ಹೊಟ್ಟಿ ತೊಳಸ್ತದ ಅಂತಾರ. ಮನ್ಯಾಗ ವಾಂತಿ ಗುಳಿಗಿ ಅದ, ಕೊಡಬಹುದೇನ್ರೀ? (ಓದುಗರು, ಧಾರವಾಡ)

ಉತ್ತರ: ಕೇಳಿದ್ದು ಬಹಳ ಒಳ್ಳೇದಾಯ್ತು, ಸದ್ಯಕ್ಕೆ ಕೊಡ್ಬೇಡಿ. ಒಂಡಾನ್ಸೆಟ್ರಾನ್ ಹೃದಯದ ಕರೆಂಟ್ ಮೇಲೆ ಸ್ವಲ್ಪ ಪರಿಣಾಮ ಮಾಡುತ್ತೆ, ಇಸಿಜಿಯಲ್ಲಿ ಕ್ಯೂಟಿ ಅನ್ನೋ ಅಂತರ ಉದ್ದ ಆಗುತ್ತೆ. ಅದು ಮಿತಿ ಮೀರಿದ್ರೆ ಹೃದಯದ ಬಡಿತ ತಾಳ ತಪ್ಪಿ ಜೀವಕ್ಕೇ ಅಪಾಯ ಆಗಬಹುದು. 2012ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದೇ ಕಾರಣಕ್ಕೆ ರಕ್ತನಾಳಕ್ಕೆ ಒಂದೇ ಸಲ 32 ಮಿಲಿಗ್ರಾಂ ಕೊಡೋದನ್ನ ನಿಲ್ಲಿಸ್ತು. ಆರೋಗ್ಯವಾಗಿರೋರಿಗೆ 4 ಮಿಲಿಗ್ರಾಂ ಮಾತ್ರೆಯಿಂದ ಈ ಭಯ ತೀರಾ ಕಮ್ಮಿ, ಆದ್ರೆ ಅಪ್ಪಾವ್ರ ವಿಷಯದಲ್ಲಿ ಒಂದರ ಮೇಲೊಂದು ಸೇರ್ಕೊಂಡಿದೆ ನೋಡಿ. ಹಾರ್ಟ್ ಕಾಯಿಲೆ ಇದೆ, ನೀರಿನ ಮಾತ್ರೆಗಳಲ್ಲಿ ಹೆಚ್ಚಿನವು ಪೊಟ್ಯಾಶಿಯಂ ಇಳಿಸ್ತವೆ, ಅಜಿತ್ರೋಮೈಸಿನ್ನೂ ಇದೇ ಕ್ಯೂಟಿನ ಉದ್ದ ಮಾಡೋ ಔಷಧಿ. ವಾಂತಿ ಜಾಸ್ತಿಯಾದ್ರೆ ಪೊಟ್ಯಾಶಿಯಂ ಇನ್ನೂ ಇಳಿಯುತ್ತೆ. ಡಾಂಪೆರಿಡಾನ್ ಅನ್ನೋ ಇನ್ನೊಂದು ವಾಂತಿ ಮಾತ್ರೆ ಕೊಡೋಣ ಅನ್ಕೋಬೇಡಿ, ಅದೂ ಕ್ಯೂಟಿನ ಉದ್ದ ಮಾಡುತ್ತೆ.

ಆ್ಯಂಟಿಬಯಾಟಿಕ್ ಬರ್ಕೊಟ್ಟ ಡಾಕ್ಟರಿಗೆ ಫೋನ್ ಮಾಡಿ ಸ್ಟೆಂಟ್ ವಿಷಯ, ನೀರಿನ ಮಾತ್ರೆ ವಿಷಯ ಎರಡೂ ಹೇಳಿ, ಬೇರೆ ಬದಲಾಯಿಸಿದ್ರೆ ವಾಂತಿ ಮಾತ್ರೆ ಬೇಕಾಗದೇನೂ ಇರಬಹುದು. ವಾಂತಿ ಮಾತ್ರೆ ಬೇಕೇ ಬೇಕು ಅಂದ್ರೆ ಒಂದು ಇಸಿಜಿ ನೋಡಿ ಕೊಡ್ತಾರೆ. ಸಿಪ್ರೋಫ್ಲಾಕ್ಸಾಸಿನ್ ಥರದ ಆ್ಯಂಟಿಬಯಾಟಿಕ್, ಡಿಪ್ರೆಶನ್‌ಗೆ ಕೊಡೋ ಎಸಿಟಲೋಪ್ರಾಮ್, ನೋವಿಗೆ ಕೊಡೋ ಟ್ರಾಮಡಾಲ್ ತಗೊಳ್ಳೋರೂ ಮೊದಲು ಹೇಳ್ಬೇಕು, ಟ್ರಾಮಡಾಲ್ ಜೊತೆಗಾದ್ರೆ ನೋವಿನ ಔಷಧಿಯ ಪವರ್ರೂ ಕಮ್ಮಿಯಾಗುತ್ತೆ. ಲಿವರ್ ತೀರಾ ಹಾಳಾಗಿರೋರಿಗೆ ದಿನಕ್ಕೆ 8 ಮಿಲಿಗ್ರಾಂ ದಾಟಬಾರ್ದು.

ಇನ್ನೊಂದು ಮಾತು. ಅಪ್ಪಾವ್ರಿಗೆ ಎದೆ ಕೆಳಗೆ ಉರಿ, ಬೆವರು, ಜೊತೆಗೆ ವಾಂತಿ ಬಂದಂಗಾಗೋದು ಆದ್ರೆ ಗ್ಯಾಸ್ ಅಂತ ಸೋಡಾ ಕುಡಿಸ್ತಾ ಕೂರ್ಬೇಡ್ರಿ, ಹಾರ್ಟ್ ಅಟ್ಯಾಕ್ ಹಂಗೂ ಬರುತ್ತೆ.

ಪ್ರಶ್ನೆ: ಮೇಡಂ/ಸರ್, ನಾನೀಗ ಎಂಟು ವಾರದ ಗರ್ಭಿಣಿ, ಬೆಳಗ್ಗೆ ಹಲ್ಲುಜ್ಜಿದ್ರೂ ವಾಂತಿ. ಅಕ್ಕ ಅವಳ ಹತ್ರ ಇದ್ದ ಎಂಡಿ ಮಾತ್ರೆ ಕೊಟ್ಟಿದಾಳೆ, ತಗೊಳ್ಲಾ? (ಓದುಗರು, ಬೆಂಗಳೂರು)

ಉತ್ತರ: ಅಕ್ಕನ ಮಾತ್ರೆ ಅಕ್ಕಂಗೇ ವಾಪಸ್ ಕೊಡಿ. ಮೊದಲು ಕೊಡೋದು ಡಾಕ್ಸಿಲಮೈನ್ ಮತ್ತು ಬಿ6 ಸೇರಿರೋ ಮಾತ್ರೆ, ಅದಕ್ಕೆ ಬಗ್ಗದಿದ್ರೆ ಡಾಕ್ಟರ್ ಒಂಡಾನ್ಸೆಟ್ರಾನ್ ಬರೀತಾರೆ. ಅಮೆರಿಕದಲ್ಲಿ ಸುಮಾರು 18 ಲಕ್ಷ ಗರ್ಭಧಾರಣೆಗಳ ದಾಖಲೆ ನೋಡಿ 2018ರಲ್ಲಿ ಪ್ರಕಟ ಆದ ಅಧ್ಯಯನದಲ್ಲಿ, ಮೊದಲ ಮೂರು ತಿಂಗಳಲ್ಲಿ ಇದನ್ನ ತಗೊಂಡವರಲ್ಲಿ ಹತ್ತು ಸಾವಿರಕ್ಕೆ ಮೂರು ಮಕ್ಕಳಿಗೆ ಹೆಚ್ಚುವರಿಯಾಗಿ ಸೀಳು ತುಟಿ ಅಥವಾ ಅಂಗುಳ ಕಂಡಿತ್ತು. ಅಪಾಯ ಚಿಕ್ಕದು, ಈಗಾಗ್ಲೇ ಒಂದೆರಡು ತಗೊಂಡಿದ್ರೆ ರಾತ್ರಿಯೆಲ್ಲ ಕೂತು ಅಳೋ ಅಗತ್ಯ ಇಲ್ಲ. ತೂಕ ಇಳೀತಿದ್ರೆ, ನೀರೂ ನಿಲ್ತಿಲ್ಲ ಅಂದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಅಮ್ಮನಿಗೆ ಕೀಮೋ ನಡೀತಿದೆ. ಈ ಮಾತ್ರೆ ಕೊಟ್ರೆ ಕೀಮೋ ದಿನ ಪರ್ವಾಗಿಲ್ಲ, ಮೂರನೇ ದಿನದಿಂದ ಮತ್ತೆ ವಾಕರಿಕೆ. ಮೋಷನ್ನೂ ಆಗ್ತಿಲ್ಲ, ತಲೆನೋವು ಬೇರೆ. (ಓದುಗರು, ಮೈಸೂರು)

ಉತ್ತರ: ಮಲಬದ್ಧತೆ, ತಲೆನೋವು ಎರಡೂ ಈ ಮಾತ್ರೆಯ ಮಾಮೂಲಿ ಸೈಡ್ ಎಫೆಕ್ಟು. ಕೀಮೋದ ವಾಂತಿ ಎರಡು ಥರ, ಮೊದಲ 24 ಗಂಟೆದು ಮತ್ತು ಆಮೇಲೆ ಐದು ದಿನದ ತನಕ ಬರೋದು. ಮೊದಲನೇದಕ್ಕೆ ಒಂಡಾನ್ಸೆಟ್ರಾನ್ ಭಾರಿ ಚೆನ್ನಾಗಿ ಕೆಲಸ ಮಾಡುತ್ತೆ, ಕೀಮೋಗೆ ಅರ್ಧ ಗಂಟೆ ಮೊದಲು ತಗೊಂಡಿರ್ಬೇಕು, ವಾಂತಿ ಶುರುವಾದ್ಮೇಲೆ ಅಲ್ಲ. ಎರಡನೇದಕ್ಕೆ ಅದರ ಶಕ್ತಿ ಸಾಲಲ್ಲ, ಡೆಕ್ಸಾಮೆಥಸೋನ್, ಒಲಾಂಜಪಿನ್, ಅಪ್ರೆಪಿಟಂಟ್ ಇವನ್ನ ಸೇರಿಸಿ ಕೊಡ್ತಾರೆ. ಒಲಾಂಜಪಿನ್ ಚೀಟಿ ನೋಡಿ ಇದು ಮಾನಸಿಕ ರೋಗದ ಮಾತ್ರೆ ಅಂತ ಮನೆಯವ್ರು ಬಿಸಾಕೋದುಂಟು, ಹಾಗೆ ಮಾಡ್ಬೇಡಿ, ಇಲ್ಲಿ ಅದನ್ನ ವಾಂತಿಗೇ ಕೊಡೋದು. ಮುಂದಿನ ಸೈಕಲ್‌ಗೆ ಹೋದಾಗ ಮೂರನೇ ದಿನ ಏನಾಯ್ತು ಅನ್ನೋದನ್ನ ಹಂಗಂಗೇ ಹೇಳಿ, ಮೋಷನ್‌ಗೆ ಲ್ಯಾಕ್ಟುಲೋಸ್ ಸಿರಪ್ ಕೊಡಬಹುದಾ ಅಂತಾನೂ ಅವತ್ತೇ ಕೇಳಿ. ಆದ್ರೆ ಹೊಟ್ಟೆ ಉಬ್ಬರಿಸಿ ಗ್ಯಾಸೂ ಹೋಗ್ತಿಲ್ಲ ಅಂದ್ರೆ ಮುಂದಿನ ಸೈಕಲ್ ತನಕ ಕಾಯ್ಬೇಡಿ, ವಾಂತಿ ಮಾತ್ರೆ ನಿಲ್ಸಿ ಅವತ್ತೇ ಕರ್ಕೊಂಡು ಹೋಗಿ.