ಸೈಡಲ್ಲಿ ಫ್ರೆಂಡ್ಸು, ಅಂಕಣದಲ್ಲಿ ತಂಗಿ

"ಅಕ್ಕಾ, ನಂದು ಸಾಗರ ತಾಲೂಕಿನ ಹಳ್ಳಿ, ವಯಸ್ಸು 24. ಪಕ್ಕದೂರಲ್ಲಿ ಹೊನಲು ಬೆಳಕಿನ ಕಬಡ್ಡಿ ಇತ್ತು. ಹೆಣ್ಮಕ್ಕಳ ಮ್ಯಾಚ್ ಶುರುವಾದ್ಮೇಲೆ ನಮ್ಮ ಗ್ಯಾಂಗಿನವ್ರು ಅವ್ರ ಡ್ರೆಸ್ಸು, ಮೈ ಬಗ್ಗೆ ಹೊಲಸಾಗಿ ಕೂಗೋಕೆ ಹತ್ತಿದ್ರು. ನಾನು ಕೂಗ್ಲಿಲ್ಲ, ಆದ್ರೆ ನಗ್ತಿದ್ದೆ. ಶಿವಮೊಗ್ಗದ ಟೀಮಲ್ಲಿ ನಮ್ಮ ಚಿಕ್ಕಪ್ಪನ ಮಗಳೂ ಇದ್ಲು, ನಂಗೆ ಗೊತ್ತಿರ್ಲಿಲ್ಲ. ರೈಡಿಗೆ ಬಂದವಳು ನನ್ನ ನೋಡಿದ್ಲು. ಆವತ್ತಿಂದ ಮಾತಿಲ್ಲ, ಆಟ ಬಿಡ್ತೀನಿ ಅಂತಿದಾಳಂತೆ. ಫ್ರೆಂಡ್ಸು 'ಮ್ಯಾಚಲ್ಲಿ ಇದೆಲ್ಲ ಕಾಮನ್' ಅಂತಾರೆ. ಮುಂದಿನ ತಿಂಗಳು ನಮ್ಮ ಯುವಕ ಸಂಘದ್ದೇ ಟೂರ್ನಮೆಂಟು, ನಾನೂ ಕಮಿಟೀಲಿದೀನಿ. ಫ್ರೆಂಡ್ಸ್ ಬಿಡ್ಬೇಕಾ? ತಂಗಿಗೆ ಏನ್ ಹೇಳ್ಲಿ?"

ತಮ್ಮಾ, ಮೊದ್ಲು ತಂಗಿ ವಿಷ್ಯ, ಫ್ರೆಂಡ್ಸ್ ಆಮೇಲೆ.

ಅವಳ ಹತ್ರ ಹೋಗು, ಫೋನಲ್ಲಿ ಬೇಡ, ವಾಟ್ಸಾಪಲ್ಲಂತೂ ಬೇಡ್ವೇ ಬೇಡ. ಹೋದವ್ನು "ನಾನು ಕೂಗ್ಲಿಲ್ಲ" ಅಂತ ಶುರು ಮಾಡ್ಬೇಡ, ಅವಳು ನೋಡಿದ್ದು ನೀನು ನಗೋದನ್ನ. "ನೀನು ಅಂತ ಗೊತ್ತಿದ್ರೆ ನಗ್ತಿರ್ಲಿಲ್ಲ" ಅಂತಾನೂ ಹೇಳ್ಬೇಡ, ಯಾಕಂದ್ರೆ ಅವಳ ಜೊತೆ ಇನ್ನೂ ಆರು ಹುಡುಗೀರು ಆಡ್ತಿದ್ರು, ಅವ್ರಿಗೆ ಅಂದ್ರೆ ಪರ್ವಾಗಿಲ್ವಾ ಅಂತ ಅವಳು ಕೇಳಿದ್ರೆ ನಿನ್ ಹತ್ರ ಉತ್ತರ ಇಲ್ಲ. "ನಾನು ನಕ್ಕಿದ್ದು ತಪ್ಪು" ಅಂತ ಅಷ್ಟೇ ಹೇಳು, ಅವಳು ಬೈದ್ರೆ ಬೈಸ್ಕೊ.

ನೀನೂ ಕಬಡ್ಡಿ ನೋಡೋನೇ ಅಲ್ವಾ ಮಾರಾಯ. ರೈಡಿಗೆ ಹೋದವ್ರಿಗೆ ಸಿಗೋದು 30 ಸೆಕೆಂಡು, ಅಷ್ಟರಲ್ಲಿ ಕಬಡ್ಡಿ ಕಬಡ್ಡಿ ಅಂತ ಉಸಿರು ಹಿಡ್ಕೊಂಡು, ಎದುರಿಗಿರೋರ ಕೈ ಎಲ್ಲಿದೆ ಕಾಲು ಎಲ್ಲಿದೆ ಅಂತ ನೋಡ್ಕೊಂಡು, ಯಾರನ್ನಾದ್ರೂ ಮುಟ್ಟಿ ವಾಪಸ್ ಗೆರೆ ದಾಟ್ಬೇಕು. ಆ ಹೊತ್ತಲ್ಲಿ ಪಕ್ಕದಿಂದ ಮೈ ಬಗ್ಗೆ ಮಾತು ಬಂದ್ರೆ ಹೆಂಗಾಗ್ಬೇಡ ಹೇಳು. "ಹಿಡೀ, ಬಿಡ್ಬೇಡ" ಅನ್ನೋದು, ಅಂಪೈರ್ ಜೊತೆ ವಾದ ಮಾಡೋದು, ಎದುರು ಟೀಮಿಗೆ ಹೋ ಅನ್ನೋದು, ಇದೆಲ್ಲ ಆಟದ ಗಲಾಟೆ, ಇರ್ಲಿ. ನಿನ್ ಫ್ರೆಂಡ್ಸ್ ಮಾಡಿದ್ದು ಅದಲ್ಲ. ಭಾರತೀಯ ನ್ಯಾಯ ಸಂಹಿತೆ 79ನೇ ಸೆಕ್ಷನ್ ಪ್ರಕಾರ ಹೆಣ್ಣಿನ ಮಾನಕ್ಕೆ ಕುಂದು ತರೋ ಉದ್ದೇಶದಿಂದ ಮಾತಾಡಿದ್ರೆ ಮೂರು ವರ್ಷದ ತನಕ ಜೈಲಾಗ್ಬಹುದು. ಇದನ್ನ ಅವ್ರಿಗೂ ಹೇಳು.

ಆಟ ಬಿಡೋ ವಿಷ್ಯ ನಂಗೆ ತುಂಬಾ ಸಂಕಟ ಆಗಿದ್ದು. ಹಳ್ಳಿ ಕಡೆ ಹುಡುಗಿ ಚಡ್ಡಿ ಹಾಕ್ಕೊಂಡು ಕಬಡ್ಡಿ ಆಡ್ತೀನಿ ಅಂದ್ರೆ ಮನೇಲಿ ಎಷ್ಟು ಮಾತು ಕೇಳಿರ್ತಾಳೆ, ಪ್ರಾಕ್ಟೀಸ್ ಮುಗಿಸಿ ಕತ್ತಲಾದ್ಮೇಲೆ ಬಂದ್ರೆ ಎಷ್ಟು ಪ್ರಶ್ನೆ! ಈಗ ಬಿಟ್ರೆ "ಒಳ್ಳೇದೇ ಆಯ್ತು" ಅನ್ನೋರೇ ಜಾಸ್ತಿ. ಚಿಕ್ಕಪ್ಪ ಹಂಗಂದ್ರೆ ನೀನು ಅವಳ ಪರ ನಿಂತು ಮಾತಾಡು. ಆಗುಂಬೆ ಘಾಟಿ ಇಳಿದ್ರೆ ಸಿಗೋ ಕಾರ್ಕಳ ತಾಲೂಕಿನ ಮಮತಾ ಪೂಜಾರಿ 2012ರಲ್ಲಿ ಪಾಟ್ನಾದಲ್ಲಿ ಮೊದಲ ಮಹಿಳಾ ವಿಶ್ವಕಪ್ ಗೆದ್ದ ಭಾರತ ಟೀಮಿನ ಕ್ಯಾಪ್ಟನ್, 2014ರ ಅರ್ಜುನ ಪ್ರಶಸ್ತೀನೂ ಅವ್ರಿಗೆ ಬಂತು. ಚಿಕ್ಕಪ್ಪಂಗೆ ಅವ್ರ ಹೆಸರು ಹೇಳು. ಆದ್ರೆ ತಂಗಿಗೆ "ಆಡ್ಲೇಬೇಕು" ಅಂತ ಒತ್ತಾಯ ಬೇಡ, ಅದು ಅವಳಿಷ್ಟ.

ಇನ್ನು ಟೂರ್ನಮೆಂಟು. ಹೆಣ್ಮಕ್ಕಳ ಮ್ಯಾಚನ್ನ ನಡುರಾತ್ರಿಗೆ ತಳ್ಬೇಡಿ, ಆ ಹೊತ್ತಿಗೆ ಮನೆಯವ್ರೆಲ್ಲ ಹೋಗಿ ಕುಡಿದೋರೇ ಉಳಿದಿರ್ತಾರೆ. ಸಂಜೆ ಏಳೂವರೆಗೇ ಇಟ್ಕೊಳ್ಳಿ, ಅಂಕಣದ ಪಕ್ಕದ ಸಾಲಲ್ಲಿ ಹೆಂಗಸರು ಮಕ್ಕಳು ಕೂರ್ಲಿ, ಬಟ್ಟೆ ಬದಲಿಸೋಕೆ ಬಾಗಿಲಿರೋ ಜಾಗ, ಲೈಟು ಮಾಡ್ಕೊಡಿ. ಮೈಕ್ ಹಿಡಿಯೋವ್ನಿಗೂ ಮೊದ್ಲೇ ಹೇಳಿ, ಹುಡುಗೀರ ಮೇಲೆ ಅವ್ನೇ ಜೋಕ್ ಹೊಡೆದ್ರೆ ಜನ ಸುಮ್ನಿರ್ತಾರಾ? ಠಾಣೆಗೆ ಹೋದಾಗ ಬಂದೋಬಸ್ತಿಗೆ ಒಬ್ರನ್ನ ಕೇಳಿ. ಕೂಗಿದ್ರೆ ಆಟ ನಿಲ್ಸಿ. 2021ರ ಜನವರೀಲಿ ಸಿಡ್ನಿ ಕ್ರಿಕೆಟ್ ಟೆಸ್ಟಲ್ಲಿ ನಮ್ಮ ಬೌಲರ್ ಸಿರಾಜ್ ಜನ ಬೈತಿದಾರೆ ಅಂತ ಹೇಳಿದಾಗ ಅಂಪೈರು ಆಟ ನಿಲ್ಸಿದ್ರು, ಆರು ಜನಾನ ಸ್ಟೇಡಿಯಮ್ಮಿಂದ ಹೊರಗೆ ಕಳಿಸಿದ್ರು. ಅಲ್ಲಾದ್ರೆ ನಿಮ್ಮೂರಲ್ಲೂ ಆಗುತ್ತೆ.

ಫ್ರೆಂಡ್ಸ್ ಬಿಡು ಅಂತ ನಾನು ಹೇಳಲ್ಲ, ನಾಳೆ ಅಡಿಕೆ ಕೊಯ್ಲಿಗೂ ಆಸ್ಪತ್ರೆಗೂ ಅವ್ರೇ ಬರೋರು. ಆದ್ರೆ ಗುಂಪಲ್ಲಿ ಹೇಳ್ಬೇಡ, ಗುಂಪಲ್ಲಿ ಎಲ್ರೂ ನಗೆ ಮಾಡ್ತಾರೆ. ಮೊದ್ಲು ಯಾರು ಬಾಯಿ ತೆಗಿಯೋದು ಅಂತ ನಿಂಗೆ ಗೊತ್ತಲ್ಲ, ಅವನೊಬ್ಬನನ್ನ ಕರ್ಕೊಂಡ್ಹೋಗಿ, ಆವತ್ತು ಅಂಕಣದಲ್ಲಿದ್ದಿದ್ದು ನನ್ ತಂಗಿ, ಅವಳಿಲ್ದಿದ್ರೂ ಅದು ತಪ್ಪೇ ಅಂತ ನೇರ ಹೇಳು. ಅವನು ಸುಮ್ನಾದ್ರೆ ಉಳಿದವ್ರೂ ಸುಮ್ನಾಗ್ತಾರೆ. ಕೇಳ್ಲಿಲ್ಲ ಅಂದ್ರೆ ಟೂರ್ನಮೆಂಟ್ ದಿನ ಅವನನ್ನ ಹೊರಗೆ ಕಳಿಸೋ ಕೆಲಸ ಬೇರೆಯವ್ರ ಮೇಲೆ ಹಾಕ್ಬೇಡ, ಕಮಿಟಿಯವ್ನಾಗಿ ನೀನೇ ಮಾಡು.